ರಂಪಣಿ ಕೊಟ್ಟಿಗೆಯ ಕಾಲೇಜು

ನಳಿನಾಕ್ಷಿ ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ನಾಲ್ಕು ವರ್ಷ ಮನೆಯಲ್ಲೇ ಕೂತಳು. ಕೂತಳು ಎನ್ನುವುದು ಮಾತಿಗೆ ಮಾತ್ರ. ಬೆಳಗಾದರೆ ತಾಯಿ ಗುಲಾಬಿಯ ಜೊತೆ ಮೀನಿನ ಬುಟ್ಟಿ ಹೊತ್ತು ಕಾಪು ಪೇಟೆಗೆ ಹೋಗಬೇಕು, ಮಧ್ಯಾಹ್ನ ಬಂದು ಬಿಸಿಲಿಗೆ ಹಾಕಿದ ಒಣಮೀನು ಮಗುಚಬೇಕು, ಸಂಜೆಗೆ ನೀರು, ಸೌದೆ. ಕಾಲೇಜು ಎಂದರೆ ಉಡುಪಿಯಲ್ಲಿ. ಅಲ್ಲಿಗೆ ಹೋಗುವ ಬಸ್ಸಿನಲ್ಲಿ ಪೇಟೆಯ ಅಂಗಡಿಯವರ ಮಕ್ಕಳು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಕೂತಿರುತ್ತಿದ್ದರು. ಬುಟ್ಟಿ ತಲೆಯ ಮೇಲಿಟ್ಟುಕೊಂಡು ಅವರನ್ನು ನೋಡುವುದು ಅವಳಿಗೆ ಅಭ್ಯಾಸವಾಗಿತ್ತು. ಕಡಲ ಬದಿಯ ಹುಡುಗಿಯರನ್ನು ಅಷ್ಟು ದೂರ ಕಳಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ. ಬೇಡ ಎಂದು ಯಾರೂ ಹೇಳಿರಲಿಲ್ಲ, ಹೋಗು ಎಂದೂ ಹೇಳಿರಲಿಲ್ಲ.

ಎಂಬತ್ತನೆಯ ಇಸವಿಯ ಮಳೆಗಾಲಕ್ಕೆ ಸ್ವಲ್ಪ ಮೊದಲು, ಊರಿನ ಸರಕಾರಿ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಒಲಿಂಡಾ ಟೀಚರ್ ಕೊಡೆಯನ್ನೇ ಊರುಗೋಲು ಮಾಡಿಕೊಂಡು ಮರಳಿನಲ್ಲಿ ನಡೆದು ಬಂದರು. ಕಾರ್ಕಳದ ಹತ್ತಿರದ ಕುಕ್ಕುಂದೂರಿನವರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಮೀನಿನವರ ಅಂಗಳಕ್ಕೆ ಬಂದರೆ ತುಳು. ಅವರು ತಂದ ಸುದ್ದಿ ಇಷ್ಟು: ಕಾಲೇಜಿಲ್ಲದ ಕಡೆಗಳಲ್ಲಿ ಹೈಸ್ಕೂಲಿಗೇ ಎರಡು ವರ್ಷದ ಪಿಯುಸಿ ಸೇರಿಸಲು ಸರಕಾರ ಹೊರಟಿದೆ. ಈ ಊರಿಗೂ ಒಂದು ಮಂಜೂರಾಗಿದೆ. ಮೇಷ್ಟ್ರನ್ನು ಸರಕಾರ ಕೊಡುತ್ತದೆ, ಕಟ್ಟಡ ಮುಂದೆ ಬರುತ್ತದೆ. ಅಲ್ಲಿಯವರೆಗೆ ಜಾಗ ಊರಿನವರು ಕೊಡಬೇಕು. ಮಂಗಳೂರಿನಿಂದ ಅಧಿಕಾರಿಗಳು ನೋಡಲು ಬರುವಾಗ ಜಾಗ ಇಲ್ಲದಿದ್ದರೆ ಕಾಲೇಜು ಬೇರೆ ಊರಿಗೆ ಹೋಗುತ್ತದೆ.

ಹೈಸ್ಕೂಲಿನಲ್ಲಿ ಆಗಲೇ ಒಂದು ತರಗತಿ ಜಗಲಿಯಲ್ಲಿ ನಡೆಯುತ್ತಿತ್ತು. ಊರಿನಲ್ಲಿ ಬಳಕೆಯಿಲ್ಲದೆ ಬಿದ್ದ ದೊಡ್ಡ ಮಾಡಿನ ಕಟ್ಟಡ ಎಂದರೆ ಒಂದೇ, ರಂಪಣಿ ಕೊಟ್ಟಿಗೆ.

ರಂಪಣಿ ಎಂದರೆ ಊರಿಗೆ ಊರೇ ಸೇರಿ ದಡದಿಂದ ಎಳೆಯುವ ದೊಡ್ಡ ಬಲೆ. ಆ ಬಲೆಯನ್ನು ಇಡಲು ಹಿರಿಯರು ಕಡಲಿನ ಎದುರಿಗೆ ಉದ್ದದ ಹಂಚಿನ ಕೊಟ್ಟಿಗೆ ಕಟ್ಟಿಸಿದ್ದರು. ಮಲ್ಪೆಯಲ್ಲಿ ಯಂತ್ರದ ಬೋಟುಗಳು ಬಂದು ಆಳದಲ್ಲೇ ಮೀನು ಬಾಚತೊಡಗಿದ ಮೇಲೆ ದಡಕ್ಕೆ ಮೀನು ಬರುವುದು ಕಡಿಮೆಯಾಯಿತು. ಎರಡು ವರ್ಷದಿಂದ ಬಲೆ ಇಳಿದಿರಲಿಲ್ಲ. ಆದರೂ ಅದು ಕೊಟ್ಟಿಗೆಯಲ್ಲಿ ಗುಡ್ಡದ ಹಾಗೆ ರಾಶಿ ಬಿದ್ದಿತ್ತು. ಅದರ ಗುರಿಕಾರ, ಅಂದರೆ ಗುಂಪಿನ ಹಿರಿತನದವ, ನಳಿನಾಕ್ಷಿಯ ತಂದೆ ದೇಜಪ್ಪ.

ಟೀಚರ್ ಕೇಳಿದ್ದಕ್ಕೆ ದೇಜಪ್ಪ ತಾನೊಬ್ಬನೇ ಹೇಳುವಂತಿಲ್ಲ ಎಂದ. ಗುಂಪಿನವರನ್ನು ಸೇರಿಸಿದ. ಅಲ್ಲಿ ಎಲ್ಲರಿಗಿಂತ ಹಿರಿಯನಾದ ಅಂಗಾರ ಕಡ್ಡಿ ಮುರಿದಂತೆ ಬೇಡ ಎಂದ. ಬಲೆ ಹೊರಗೆ ಹೋದರೆ ಮತ್ತೆ ಒಳಗೆ ಬರುವುದಿಲ್ಲ, ಕಡಲು ನಮ್ಮನ್ನು ಬಿಟ್ಟಿತು ಎಂದು ನಾವೇ ಬರೆದುಕೊಟ್ಟ ಹಾಗಾಗುತ್ತದೆ ಎಂದ. ಉಳಿದವರು ದೇಜಪ್ಪನ ಮುಖ ನೋಡಿದರು. ಅವನು ನಾಳೆ ಹೇಳುತ್ತೇನೆ ಎಂದು ಎದ್ದ.

ಆ ಸಂಜೆ ಗುಲಾಬಿ ಗಂಡನಿಗೆ ಗಂಜಿ ಬಡಿಸುತ್ತಾ, ಬಲೆಯನ್ನು ಬೇರೆ ಕಡೆ ಇಡಬಹುದಲ್ಲ ಎಂದಳು. ಅವನು ಅರ್ಧಕ್ಕೇ ಎದ್ದು ಕೊಟ್ಟಿಗೆಯ ಕಡೆಗೆ ನಡೆದ. ನಳಿನಾಕ್ಷಿ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು, ಆಮೇಲೆ ಅವನ ಹಿಂದೆಯೇ ಹೋದಳು. ದೇಜಪ್ಪ ಬಲೆಯ ರಾಶಿಗೆ ಒರಗಿ ಕೂತಿದ್ದ. ಅವಳು ಬಂದದ್ದು ಗೊತ್ತಾಗಿಯೂ ತಲೆ ಎತ್ತಲಿಲ್ಲ.

"ಇದು ಇನ್ನು ಇಳಿಯುವುದು ಸಂಶಯ," ಎಂದ. "ನನಗೂ ಗೊತ್ತುಂಟು. ಆದರೆ ಇಲ್ಲಿಂದ ಎತ್ತಿಸಿದವ ನಾನೇ ಆಗಬೇಕಾ?"

ನಳಿನಾಕ್ಷಿ ಹೊಸ್ತಿಲಲ್ಲೇ ನಿಂತಳು. ಬಾಯಿಗೆ ಬಂದದ್ದು ಬೇರೆಯೇ ಮಾತು. "ನನಗೆ ಓದಬೇಕು ಅಂತ ಉಂಟು, ಅಪ್ಪ."

ದೇಜಪ್ಪ ಈಗ ಅವಳನ್ನು ನೋಡಿದ. "ಇಷ್ಟು ವರ್ಷ ಹೇಳಲಿಲ್ಲ ನೀನು."

"ನೀವು ಕೇಳಲಿಲ್ಲ."

ಅವಳು ಜಗಳದ ದನಿಯಲ್ಲಿ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ್ದು. ಅಪ್ಪ ಬಲೆಯ ರಾಶಿ ಬಿಟ್ಟು ಎದ್ದ. ಇಬ್ಬರೂ ಕತ್ತಲಾಗುವ ಮೊದಲು ಮನೆಗೆ ಬಂದರು.

ಮಾರನೆಯ ಬೆಳಿಗ್ಗೆ ದೇಜಪ್ಪ ತನ್ನ ಮನೆಯ ಹಿಂದಿನ ತೆಂಗಿನ ಮರಗಳ ಅಡಿಯಲ್ಲಿ ಹೆಣೆದ ಗರಿಯ ಮಡಲಿನ ಚಪ್ಪರ ಹಾಕಿಸಿದ. ಬಲೆ ಅಲ್ಲಿಗೆ ಹೊರಟಿತು. ಗಂಡಸರು ಸಾಲಾಗಿ ಹೆಗಲು ಕೊಟ್ಟು ನಡೆದರು. ಸಾಲಿನ ತಲೆ ಮನೆ ಮುಟ್ಟಿದರೂ ಬಾಲ ಇನ್ನೂ ಕೊಟ್ಟಿಗೆಯ ಒಳಗೇ ಇತ್ತು. ಬರುವುದಿಲ್ಲ ಎಂದಿದ್ದ ಅಂಗಾರನೂ ಬಂದ. ಎಳೆಯರು ಬಲೆಯನ್ನು ನೆಲಕ್ಕೆ ತಾಗಿಸಿದಲ್ಲೆಲ್ಲ ಬೈದ.

ಅಧಿಕಾರಿಗಳು ಬಂದರು, ನೋಡಿದರು, ಮೂಗು ಮುಚ್ಚಿಕೊಂಡೇ ಒಪ್ಪಿದರು. ಒಲಿಂಡಾ ಟೀಚರ್ ಕುಕ್ಕುಂದೂರಿನ ಕಡೆಯಿಂದ ಹಳೆಯ ಬೆಂಚುಗಳನ್ನು ಲಾರಿಯಲ್ಲಿ ತರಿಸಿದರು. ಹಾಗೆ ಶುರುವಾಯಿತು ಕಾಲೇಜು.

ಎಷ್ಟೋ ವರ್ಷ ಕಳೆದು, ಹೆಬ್ರಿಯ ಸರಕಾರಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಕಾಲದಲ್ಲೂ, ಹೊಸ ಪುಸ್ತಕ ಬಿಡಿಸಿದರೆ ನಳಿನಾಕ್ಷಿಗೆ ಕಾಗದದ ವಾಸನೆಯ ಜೊತೆಗೆ ಒಣಗಿದ ಬಂಗುಡೆ ಮೀನಿನ ವಾಸನೆಯೂ ಬಂದ ಹಾಗಾಗುತ್ತಿತ್ತು. ಅಷ್ಟು ಅಂಟಿಕೊಂಡಿತ್ತು ಆ ಕೊಟ್ಟಿಗೆ. ಕಾಲೇಜಿನ ಆ ಮೊದಲ ಮಳೆಗಾಲದಲ್ಲಿ ಕಡಲು ಎಷ್ಟು ಗರ್ಜಿಸುತ್ತಿತ್ತೆಂದರೆ ಪಾಠ ಕೇಳುತ್ತಿರಲಿಲ್ಲ. ಅಲೆ ಬಂದಾಗ ಮೇಷ್ಟ್ರು ನಿಲ್ಲಿಸಬೇಕು, ಹಿಂದೆ ಸರಿದಾಗ ಮುಂದುವರಿಸಬೇಕು. ಅರ್ಥಶಾಸ್ತ್ರಕ್ಕೆ ಸರಕಾರ ಕಳಿಸಿದವರು ಗದಗದ ಕಡೆಯ ತರುಣರು, ಕಡಲನ್ನೇ ಕಂಡವರಲ್ಲ. ಎಲ್ಲರೂ ಅವರನ್ನು ಗದಗದ ಮೇಷ್ಟ್ರು ಎಂದೇ ಕರೆದರು. ಮೊದಲ ವಾರ ಕರವಸ್ತ್ರ ಮೂಗಿಗೆ ಹಿಡಿದೇ ಬೇಡಿಕೆ, ಪೂರೈಕೆ ಎಂದು ಬೋಧಿಸಿದರು. ಆಮೇಲೆ ಕರವಸ್ತ್ರ ಜೇಬಿಗೆ ಹೋಯಿತು.

ತರಗತಿಯಲ್ಲಿ ನಳಿನಾಕ್ಷಿಯೇ ದೊಡ್ಡವಳು. ಉಳಿದವರು ಅಕ್ಕ ಎನ್ನುತ್ತಿದ್ದರು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆದರೆ ಕಾಲೇಜು ನಮ್ಮ ಅಂಗಳದಲ್ಲೇ ಉಂಟಲ್ಲ ಎಂದು ತಾಯಂದಿರು ಹೆಣ್ಣುಮಕ್ಕಳನ್ನು ಕಳಿಸತೊಡಗಿದ್ದರು. ದೇಜಪ್ಪನ ಮಗಳು ಇದ್ದಾಳೆ ಎನ್ನುವ ಧೈರ್ಯವೂ ಅವರಿಗಿತ್ತು. ಸ್ವರ್ಣಲತಾ ಎಂಬ ನೆರೆಮನೆಯ ಹುಡುಗಿಯಂತೂ ಇವಳ ಸೆರಗು ಹಿಡಿದೇ ಒಳಗೆ ಬಂದಿದ್ದಳು. ಪೇಟೆಯಿಂದ ಮರಳುವ ಹೆಂಗಸರು ಖಾಲಿ ಬುಟ್ಟಿ ಇಳಿಸಿ ಕಿಟಕಿಯ ಹೊರಗೆ ಸ್ವಲ್ಪ ಹೊತ್ತು ಕೂರುವುದಿತ್ತು. ಗುಲಾಬಿಯೂ ಕೂರುತ್ತಿದ್ದಳು. ಮಗಳು ಎದ್ದು ಉತ್ತರ ಹೇಳಿದ ದಿನ ಅವಳು ಪಕ್ಕದವಳನ್ನು ಮೊಣಕೈಯಿಂದ ತಿವಿದದ್ದನ್ನು ನಳಿನಾಕ್ಷಿ ಒಳಗಿನಿಂದಲೇ ನೋಡಿದ್ದಳು.

ಚೌತಿ ಕಳೆದು ಬಿಸಿಲು ಬಿದ್ದ ಒಂದು ಬೆಳಿಗ್ಗೆ, ಗದಗದ ಮೇಷ್ಟ್ರು ಹಲಗೆಯ ಮೇಲೆ ಬರೆಯುತ್ತಿದ್ದಾಗ ದಡದಲ್ಲಿ ಕೂಗು ಎದ್ದಿತು. ಹುಡುಗರು, ಹುಡುಗಿಯರೆಲ್ಲ ಒಟ್ಟಿಗೇ ಕುತ್ತಿಗೆ ತಿರುಗಿಸಿದರು. ಹತ್ತಿರದಲ್ಲೇ ನೀರು ಕಪ್ಪಗೆ, ಕುದಿಯುವ ಹಾಗೆ ಕದಡುತ್ತಿತ್ತು. ಬಂಗುಡೆಯ ಹಿಂಡು ದಡಕ್ಕೆ ಬಂದಿತ್ತು. ಅಂಗಾರ ತಲೆಯ ಮುಂಡಾಸು ಬಿಚ್ಚಿ ಬೀಸುತ್ತಾ ಓಡುತ್ತಿದ್ದ. ಚಪ್ಪರದ ಅಡಿಯಿಂದ ಬಲೆ ಹೊರಟಿತ್ತು.

ಯಾರೂ ಬೆಂಚು ಬಿಟ್ಟು ಏಳಲಿಲ್ಲ. ಎಲ್ಲರೂ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ನಳಿನಾಕ್ಷಿಯನ್ನು ನೋಡಿ, ಅದೇನೆಂದು ಕೇಳಿದರು.

"ಹಗ್ಗ ಎಳೆಯಲಿಕ್ಕೆ ಜನ ಸಾಲುವುದಿಲ್ಲ, ಸರ್," ಎಂದಳು ಅವಳು. "ಹಿಂದೆ ಎಳೆಯುತ್ತಿದ್ದವರೆಲ್ಲ ಈಗ ಮಲ್ಪೆಯಲ್ಲಿದ್ದಾರೆ."

ಅವರು ಸೀಮೆಸುಣ್ಣದ ಕಡ್ಡಿ ಕೆಳಗಿಟ್ಟು, ಪ್ಯಾಂಟು ಮಡಚಿದರು.

ದೋಣಿ ಬಲೆ ಬಿಡುತ್ತಾ ದೊಡ್ಡ ಅರ್ಧಚಂದ್ರ ಸುತ್ತಿ ಬಂತು. ದಡದಲ್ಲಿ ಎರಡು ತುದಿಗೆ ಎರಡು ಸಾಲು. ಒಂದರಲ್ಲಿ ಊರಿನ ಮುದುಕರು, ಇನ್ನೊಂದರಲ್ಲಿ ಇಡೀ ಕಾಲೇಜು. ಗಂಡಸರ ಜೊತೆ ಹೆಂಗಸರು ರಂಪಣಿಯ ಹಗ್ಗ ಹಿಡಿದದ್ದನ್ನು ಆ ದಡ ಅದುವರೆಗೆ ಕಂಡಿರಲಿಲ್ಲ. ಯಾರೂ ಬೇಡ ಎನ್ನಲಿಲ್ಲ, ಹೇಳಲು ಯಾರಿಗೂ ಉಸಿರಿರಲಿಲ್ಲ. ಸುದ್ದಿ ಕೇಳಿ ಹೈಸ್ಕೂಲಿನಿಂದ ಓಡಿ ಬಂದ ಒಲಿಂಡಾ ಟೀಚರ್ ಸೀರೆ ಸಿಕ್ಕಿಸಿ ನಳಿನಾಕ್ಷಿಯ ಹಿಂದೆ ನಿಂತರು. ದೇಜಪ್ಪ ನಡುವೆ ನಿಂತು, ಎಳೆಯುವವರಿಗೆ ಕೂಗಿ ತಾಳ ಕೊಡುತ್ತಿದ್ದ. ಅಪ್ಪನ ಆ ದನಿಯನ್ನು ಅವಳು ಮರೆತೇಬಿಟ್ಟಿದ್ದಳು. ಅಂಗೈ ಸುಲಿದು ಉರಿಯುತ್ತಿತ್ತು. ಆದರೂ ಇದು ಮುಗಿಯದೇ ಇರಲಿ ಎಂದು ಅವಳಿಗೆ ಅನಿಸಿತು.

ಹಿಂದಿನ ಕಾಲದ ಹಾಗೆ ರಾಶಿ ರಾಶಿ ಅಲ್ಲದಿದ್ದರೂ ಮೀನು ಚೆನ್ನಾಗಿಯೇ ಬಿತ್ತು. ಪಾಲು ಹಂಚುವ ಹೊತ್ತಿಗೆ ಅಂಗಾರ ಎದ್ದು ನಿಂತ. ಹಗ್ಗ ಎಳೆದವರಿಗೆಲ್ಲ ಪಾಲು, ಬಲೆಗೂ ಒಂದು ಪಾಲು, ಅದು ರಂಪಣಿಯ ಕ್ರಮ.

"ಬಲೆಯ ಪಾಲನ್ನು ಇವರಿಗೆ ಕೊಡಿ," ಎಂದ ಅವನು, ಹುಡುಗಿಯರ ಕಡೆಗೆ ಕೈ ತೋರಿಸಿ. "ಬಲೆಯ ಮನೆಯಲ್ಲಿ ಈಗ ಇರುವುದು ಇವರೇ ಅಲ್ವಾ?"

ಒಲಿಂಡಾ ಟೀಚರ್ ಮುಖ ಆಚೆ ತಿರುಗಿಸಿಕೊಂಡರು. ಆ ಪಾಲು ಮಾರಿದ ಹಣದಿಂದ ಕೊಟ್ಟಿಗೆಯ ಒಡೆದ ಹಂಚುಗಳು ಹೊಸತಾದವು, ಒಂದು ಒಳ್ಳೆಯ ಹಲಗೆಯೂ ಬಂತು. ಗದಗದ ಮೇಷ್ಟ್ರಿಗೂ ಎಳೆದವರ ಪಾಲು ಸಿಕ್ಕಿತು. ಅವರು ಮೀನು ತಿನ್ನುವವರಲ್ಲ. ಆದರೂ ಬೇಡ ಎನ್ನದೆ ಎರಡೂ ಕೈಯಲ್ಲಿ ತೆಗೆದುಕೊಂಡು, ಎಂತ ಮಾಡುವುದೆಂದು ತಿಳಿಯದೆ ನಿಂತಿದ್ದನ್ನು ನೋಡಿ ಗುಲಾಬಿ ತಾನೇ ಇಸಿದುಕೊಂಡು, ಬದಲಿಗೆ ಒಂದು ಎಳನೀರು ಕೆತ್ತಿ ಕೊಟ್ಟಳು.

ರಂಪಣಿ ಆ ಊರಿನಲ್ಲಿ ಇಳಿದದ್ದು ಅದೇ ಕೊನೆ.

ಎರಡು ವರ್ಷದ ನಂತರ ನಳಿನಾಕ್ಷಿ ಎರಡನೆಯ ದರ್ಜೆಯಲ್ಲಿ ಪಾಸಾದಳು. ಸರಕಾರದ ಕಟ್ಟಡ ಮೇಲೆದ್ದದ್ದು ಅದರ ಮರುವರ್ಷ, ಗುಡ್ಡೆಯ ಮೇಲೆ, ಕಡಲ ಸದ್ದು ಕೇಳದಷ್ಟು ದೂರದಲ್ಲಿ. ಅವಳ ತಂಡಕ್ಕೆ ಅದರಲ್ಲಿ ಕೂರುವ ಭಾಗ್ಯ ಇರಲಿಲ್ಲ. ಬೇಕೆಂದು ಅವರಲ್ಲಿ ಯಾರಿಗೂ ಅನಿಸಿರಲಿಲ್ಲ.

ಬಿಎಗೆ ಉಡುಪಿಗೆ ಹೋಗುವುದೆಂದು ತೀರ್ಮಾನವಾದಾಗ ಈ ಸಲ ಮನೆಯಲ್ಲಿ ಚರ್ಚೆಯೇ ಆಗಲಿಲ್ಲ. ಮೊದಲ ದಿನ ದೇಜಪ್ಪ ಬಿಳಿ ಅಂಗಿ ಹಾಕಿಕೊಂಡು ಹೆದ್ದಾರಿಯವರೆಗೆ ಅವಳ ಜೊತೆ ನಡೆದ. ದಾರಿಯಲ್ಲಿ ಮಳೆಯ ಬಗ್ಗೆ, ಸ್ವರ್ಣಲತಾಳ ಅಣ್ಣನ ಬೋಟಿನ ಬಗ್ಗೆ ಏನೇನೋ ಹೇಳಿದ. ಬಸ್ಸು ಬಂದು ನಿಂತಿತು. ಕಂಡಕ್ಟರ್ ಬೇಗ ಹತ್ತಿ ಎಂದು ಬಾಗಿಲಿಗೆ ಬಡಿದ. ದೇಜಪ್ಪ ಅವನ ಬಳಿಗೆ ಹೋಗಿ, ಯಾರೂ ಕೇಳದಿದ್ದರೂ ಹೇಳಿದ, "ನನ್ನ ಮಗಳು. ಕಾಲೇಜಿಗೆ ಹೋಗುವವಳು."

ನಳಿನಾಕ್ಷಿಗೆ ಕಿಟಕಿಯ ಪಕ್ಕದಲ್ಲೇ ಜಾಗ ಸಿಕ್ಕಿತು.