ಎಲೆ ಮುಂದಿನಿಂದ ಎಬ್ಬಿಸಿದವ

ಹಟ್ಟಿಯಂಗಡಿಯಲ್ಲಿ ಕುಸುಮಾವತಿಯ ಮನೆಯೆದುರಿನ ತಗ್ಗು ಗದ್ದೆ ಅವಳಿಗೂ ತಮ್ಮ ಸುಧಾಕರನಿಗೂ ಜಂಟಿ ಆಸ್ತಿ. ಮಳೆಗಾಲದಲ್ಲಿ ನೀರು ಹೆಚ್ಚೆಂದು ಬೇಸಾಯ ಬಿಟ್ಟು ವರ್ಷಗಳಾಗಿವೆ. ಆದರೂ ಅವಳ ರುಜು ಇಲ್ಲದೆ ಅಲ್ಲಿ ಒಂದು ಬುಟ್ಟಿ ಮಣ್ಣು ಬೀಳುವ ಹಾಗಿಲ್ಲ. ಬ್ರಹ್ಮಾವರದಲ್ಲಿ ಮದುವೆ ಹಾಲ್ ನಡೆಸುವ ತಮ್ಮನಿಗೆ ಈಗ ಇಲ್ಲೂ ಒಂದು ಹಾಲ್ ಕಟ್ಟುವ ಹುಚ್ಚು.

ಬೇಸಿಗೆಯಲ್ಲಿ ಬಂದವನು ಬಿರುಕು ಬಿಟ್ಟ ನೆಲವನ್ನು ಚಪ್ಪಲಿಯಲ್ಲಿ ಕೆದಕಿ, "ಹಾಳ್ ಬಿದ್ದ ಜಾಗ ಅಕ್ಕ, ಇಲ್ಲ್ ಎಂತ ಇತ್ತ್?" ಎಂದಿದ್ದ. ಹಾಳಂತೆ! ಒಣಗಿದಾಗ ಬಂದು ಇಣುಕಿ ಹಾಳು ಎನ್ನುವವನಿಗೆ ಏನು ಹೇಳುವುದು? ಕುಸುಮಾವತಿಗೆ ಮೈಯೆಲ್ಲ ಉರಿಯಿತು. "ದೀಪಾವಳಿಗೆ ಬಾ, ಕಾಂಬ" ಎಂದಷ್ಟೇ ಹೇಳಿ ಕಳಿಸಿದಳು.

ದೀಪಾವಳಿಗೆ ಬಂದ, ಕಾಗದ ಪೆನ್ನು ಸಮೇತ. ಮಳೆಗಾಲವಿಡೀ ತುಂಬಿದ್ದ ನೀರು ಇಳಿದು ಪಾದ ಮುಳುಗುವಷ್ಟು ಉಳಿದಿತ್ತು. ಕೆಸರಿನ ತುಂಬ ಹುಳು, ಏಡಿ, ಮೀನುಮರಿ. ಬೆಳ್ಳಕ್ಕಿ, ಕೊಕ್ಕರೆ, ಎಲ್ಲಿಂದಲೋ ಹಾರಿ ಬಂದ ಉದ್ದ ಕೊಕ್ಕಿನ ಗೊರವ ಹಕ್ಕಿಗಳು ಸಾಲಾಗಿ ನಿಂತು ತಲೆಯೆತ್ತದೆ ಮೇಯುತ್ತಿದ್ದವು. ಆಳದ ನೀರಲ್ಲಿ ಅವುಗಳ ಕಾಲು ನಿಲ್ಲದು, ಒಣನೆಲಕ್ಕೆ ಕೊಕ್ಕು ಇಳಿಯದು. ಆಚೆಯ ಗದ್ದೆಗಳು ಆಗಲೇ ಕಟ್ಟಡಕ್ಕೆಂದು ತುಂಬಿಸಿದ ಕೆಂಪು ಮಣ್ಣಿನಡಿ ಸೇರಿದ್ದವು. ಉಳಿದದ್ದು ಇದೊಂದೇ.

"ಅಯ್ಯಬ್ಬ, ಎಷ್ಟ್ ಚಂದ!" ಸುಧಾಕರ ಮೊಬೈಲ್ ಹಿಡಿದ. "ಹೊಸ ಹಾಲಿಗೆ ಬೆಳ್ಳಕ್ಕಿ ಅಂದೇ ಹೆಸ್ರ್ ಇಡ್ವ ಅಕ್ಕ. ಗೋಡಿ ಮೇಲೆ ಇವುಗಳ ಚಿತ್ರ ಬರ್ಸ್ವ." ಹಾರುವುದೂ ವಿಡಿಯೋದಲ್ಲಿ ಬರಲೆಂದು ಮೊಬೈಲನ್ನು ಗದ್ದೆಯಂಚಿನ ಕಲ್ಲಿಗೆ ಆನಿಸಿಟ್ಟು ಜೋರಾಗಿ ಚಪ್ಪಾಳೆ ತಟ್ಟಿದ. ಹಕ್ಕಿಗಳೆಲ್ಲ ಬೆಚ್ಚಿ ಒಟ್ಟಿಗೆ ಮೇಲೆದ್ದವು. ಒಂದು ಗೊರವದ ಕೊಕ್ಕಿನಿಂದ ಹುಳು ಜಾರಿ ಬಿತ್ತು.

ಕುಸುಮಾವತಿಗೆ ತಡೆಯಲಾಗಲಿಲ್ಲ. "ಎಂತ ಅದ್ ನಿಂದ್? ನಿನ್ನ ಮದಿ ಹಾಲಂಗೆ ಎಲಿ ಮುಂದೆ ಕೂತ್ ಉಂಬರ್ನ ಹೀಂಗೇ ಚಪ್ಪಾಳಿ ಹೊಡ್ದ್ ಎಬ್ಸ್ತ್ಯಾ?"

ಸುಧಾಕರನ ಮುಖ ಕಪ್ಪಿಟ್ಟಿತು. ತನ್ನ ಹಾಲ್‌ನಲ್ಲಿ ಒಬ್ಬರನ್ನೂ ಎಲೆ ಮುಂದಿನಿಂದ ಎಬ್ಬಿಸಿದ್ದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುವವನು ಅವನು.

"ಅದ್ ಹಕ್ಕಿ ಅಲ್ದಾ ಅಕ್ಕ..."

"ಹಕ್ಕಿಗೆ ಹೊಟ್ಟಿ ಇಲ್ಯಾ? ಉಂಬತಿಗೆ ಎಬ್ಸಿ ಓಡ್ಸಿ, ಮತ್ತೆ ಗೋಡಿಗೆ ಪಟ ಹಾಕ್ತ್ಯಾ? ಪಟ ಹಾಕುದ್ ಸತ್ತರಿಗೆ, ಮಾರಾಯ!"

ಅವನು ಚಾಚಿದ ಪೆನ್ನನ್ನು ಅವನ ಕಿಸೆಗೇ ತುರುಕಿದಳು. "ಅವು ಉಂಡ್ ಏಳ್ಲಿ. ಮತ್ತೆ ರುಜು ಹಾಕ್ತೆ."

"ಅದ್ ಯಾವಾಗ?"

ಹಕ್ಕಿಗಳು ಒಂದು ಸುತ್ತು ಹಾಕಿ ಮತ್ತೆ ಕೆಸರಿಗೆ ಇಳಿಯುತ್ತಿದ್ದವು.

"ಅಜ್ಜಯ್ಯನ ಕಾಲದಿಂದ ಉಂತಿದ್ದೊ" ಎಂದಳು ಕುಸುಮಾವತಿ. "ಇನ್ನೂ ಮುಗೀಲಿಲ್ಲ."