ಬಾಗಿಲ ನೆತ್ತಿ

ಮನೆಗಳು ಬಡಗಿಯ ಹತ್ತಿರ ಬರುವುದಿಲ್ಲ, ಬಾಗಿಲುಗಳು ಬರುತ್ತವೆ. ಕಡಲಂಚಿನ ಆ ಪುಟ್ಟ ಬಡಾವಣೆಯಲ್ಲಿ ಯಾವ ಮನೆ ಮಾರಾಟಕ್ಕೆ ನಿಂತರೂ ದಲ್ಲಾಳಿ ಮೊದಲು ಮಾಡುತ್ತಿದ್ದ ಕೆಲಸ ಅದು. ಬಾಗಿಲುಗಳನ್ನು ಬಿಚ್ಚಿಸಿ, ಎಲ್ಲಿ ಉಜ್ಜುತ್ತದೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆಸಿ, ವ್ಯಾನಿಗೆ ಹೇರಿ ಬಡಗಿಯ ಶೆಡ್ಡಿಗೆ ಕಳಿಸುತ್ತಿದ್ದ. ಅವನಿಗೆ ಜನ ಜೇನುಬಾಯಿ ಅಂತ ಸುಮ್ಮನೆ ಹೆಸರಿಟ್ಟಿರಲಿಲ್ಲ. "ಉಪ್ಪುಗಾಳಿ ಅಲ್ವಾ, ಮರ ಉಬ್ಬಿದೆ. ಸ್ವಲ್ಪ ನೋಡ್ಕೊಳ್ಳಿ" ಅನ್ನುತ್ತಿದ್ದ. ಬಡಗಿ ತೋಪಡ ಹಿಡಿದು ಮರ ಹೆರೆದು ಕಳಿಸುತ್ತಿದ್ದ.

ಉಬ್ಬಿದ ಮರ ಯಾವುದು ಅಂತ ನಲವತ್ತು ವರ್ಷ ಮರದ ಜೊತೆ ಬಾಳಿದವನಿಗೆ ಗೊತ್ತಿರಲಿಲ್ಲವೇ? ಉಬ್ಬಿದ ಬಾಗಿಲು ಉದ್ದಕ್ಕೂ ಉಜ್ಜುತ್ತದೆ, ನಾಲ್ಕು ದಿನ ಬಿಸಿಲು ಬಿದ್ದರೆ ತಾನೇ ಸಡಿಲಾಗುತ್ತದೆ. ಈ ಬಾಗಿಲುಗಳು ಕಡುಬೇಸಿಗೆಯಲ್ಲೂ ನೆತ್ತಿಯ ಒಂದೇ ಮೂಲೆಯಲ್ಲಿ ಉಜ್ಜುತ್ತಿದ್ದವು. ಅದು ಬಾಗಿಲಿನ ಕಾಯಿಲೆಯಲ್ಲ, ಗೋಡೆಯದು. ಗೋಡೆಯದೂ ಅಲ್ಲ, ಅಡಿಯಲ್ಲಿ ಜಾರುತ್ತಿದ್ದ ನೆಲದ್ದು. ಸೊಟ್ಟಗಾದ ಚೌಕಟ್ಟಿಗೆ ಹೊಂದುವಂತೆ ಬಾಗಿಲನ್ನೂ ಸೊಟ್ಟಗೆ ಹೆರೆದು ಕೊಟ್ಟರೆ ಬೆಣ್ಣೆಯ ಹಾಗೆ ಮುಚ್ಚಿಕೊಳ್ಳುತ್ತದೆ, ನೋಡಲು ಬಂದವರು ತಲೆದೂಗುತ್ತಾರೆ. ಯಾರ ಮನೆಯದು ಅಂತ ಬಡಗಿ ಒಂದು ದಿನವೂ ಕೇಳಲಿಲ್ಲ. ಊರ ಉಸಾಬರಿ ನನಗ್ಯಾಕೆ ಅನ್ನುವ ಆಸಾಮಿ.

ಆದರೂ ಕಸುಬಿನ ಒಂದು ಅಭ್ಯಾಸವಿತ್ತು. ಹೆರೆದ ಮೇಲೆ ಬಾಗಿಲ ನೆತ್ತಿಯ ಇನ್ನೊಂದು ತುದಿಯಲ್ಲಿ, ತೋಪಡ ತಾಗದ ಕಡೆ, ತಾರೀಖು ಮತ್ತು ತೆಗೆದ ಮರದ ಅಳತೆಯನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದ. ಬಾಗಿಲ ನೆತ್ತಿಗೆ ಯಾವ ಪೇಂಟರೂ ಬಣ್ಣ ಬಳಿಯುವುದಿಲ್ಲ, ಯಾರೂ ಇಣುಕುವುದಿಲ್ಲ.

ಒಂದು ಬೆಳಿಗ್ಗೆ ಮಗಳು ಫೋನ್ ಮಾಡಿ, "ಅಪ್ಪ, ಒಂದು ಕಡೆ ಹೋಗೋಣ, ಏನೂ ಕೇಳ್ಬೇಡ" ಅಂದಳು. ಎಲ್ಲಿಗೆ ಹೋದರೂ ಬಿಡದ ಹತಾರದ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಅವನು ಹೊರಟ. ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಅದೇ ಬಡಾವಣೆಯಲ್ಲಿ, ಕಡಲಿಗೆ ಬೆನ್ನು ಹಾಕಿದ ಸಾಲಿನ ಕೊನೆಯ ಮನೆಯ ಮುಂದೆ. ಗೋಡೆಗೆ ಹೊಸ ಸುಣ್ಣ, ಬಾಗಿಲಿಗೆಲ್ಲ ಹೊಸ ಬಿಳಿ ಬಣ್ಣ. ಜೊತೆಗೆ ಬಂದಿದ್ದ ಐದು ವರ್ಷದ ಮೊಮ್ಮಗಳು ಆಗಲೇ ಒಳಗೆ ಓಡಿ ಕುಣಿಯುತ್ತಿದ್ದಳು.

"ನಮ್ದೇ ಅಪ್ಪ. ನಿನ್ನೆ ರಿಜಿಸ್ಟ್ರಿ ಆಯ್ತು. ನಿನಗೆ ಒಮ್ಮೆಗೇ ತೋರಿಸೋಣ ಅಂತ ಬಾಯಿ ಕಟ್ಕೊಂಡಿದ್ದೆ."

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳೋದೇನು? ನೀನೇ ಹೇಳಿಕೊಟ್ಟಿದ್ದಲ್ವಾ, ಮನೆ ನೋಡೋಕೆ ಹೋದ್ರೆ ಮೊದಲು ಬಾಗಿಲು ಹಾಕಿ ತೆಗೆದು ನೋಡು, ಮಾರೋನು ಸುಳ್ಳು ಹೇಳಿದ್ರೂ ಬಾಗಿಲು ಹೇಳಲ್ಲ ಅಂತ. ಆರು ಮನೆ ಬೇಡ ಅಂದೆ. ಇಲ್ಲಿ ನೋಡು." ಮಲಗುವ ಕೋಣೆಯ ಬಾಗಿಲನ್ನು ಒಂದು ಬೆರಳಿನಿಂದ ತಳ್ಳಿದಳು. ಅದು ಸದ್ದಿಲ್ಲದೆ ಹೋಗಿ ಚೌಕಟ್ಟಿನಲ್ಲಿ ಕೂತಿತು. ಮತ್ತೆ ತೆರೆದು ತೋರಿಸಿದಳು.

ಬಡಗಿಯ ಕೈ ತಾನಾಗಿ ಬಾಗಿಲ ನೆತ್ತಿಗೆ ಹೋಯಿತು. ಅಂಗೈಗೆ ಇಳಿಜಾರು ಸಿಕ್ಕಿತು, ಅವನದೇ ಇಳಿಜಾರು. ಪೇಂಟರು ಬಿಟ್ಟುಹೋಗಿದ್ದ ಸ್ಟೂಲ್ ಎಳೆದುಕೊಂಡು ಹತ್ತಿದ. ಸಾಲಾಗಿ ಐದು ತಾರೀಖುಗಳಿದ್ದವು. ಒಂದು ನೂಲು. ಒಂದು ನೂಲು. ಎರಡು. ಮೂರು. ಕೊನೆಯದು ಹೋದ ತಿಂಗಳದು: ಐದು ನೂಲು, ಅಂದರೆ ಅರ್ಧ ಅಂಗುಲಕ್ಕಿಂತ ಹೆಚ್ಚು. ಹಿಂದೆ ಈ ಬಾಗಿಲಿಗೆ ನೀಲಿ ಬಣ್ಣವಿತ್ತು, ಅವನಿಗೆ ನೆನಪಾಯಿತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಇಲ್ಲಿ ಮಾಡಿದವನು ಅವನು, ಉಣ್ಣಬೇಕಾದವಳು ಮಗಳು.

ತೋರಿಸದೆ ಇಳಿದುಬಿಡಬಹುದಿತ್ತು. ಒಂದು ಗಳಿಗೆ ಹಾಗೇ ಅಂದುಕೊಂಡ ಕೂಡ. ಆಮೇಲೆ ಇಳಿದು, "ಹತ್ತಿ ಓದು ಮಗಳೇ" ಅಂದ.

ಅವಳು ಹತ್ತಿ ಓದಿದಳು. ಅವಳ ಶಾಲೆಯ ಪುಸ್ತಕಗಳ ಮೇಲೆಲ್ಲ ಹೆಸರು ಬರೆದುಕೊಟ್ಟ ಕೈ ಅದು, ಗುರುತು ಸಿಗದೆ ಇರುತ್ತದೆಯೇ? ಅಪ್ಪ ಎಲ್ಲವನ್ನೂ ಹೇಳಿದ, ಏನೂ ಮುಚ್ಚಿಡಲಿಲ್ಲ. ಅವಳು ಸ್ಟೂಲಿನ ಮೇಲೆ ನಿಂತೇ ಕೇಳಿದಳು.

"ನೆಲ ಜಾರ್ತಿದೆ ಅಂತ ನಿನಗೆ ಗೊತ್ತಿತ್ತಾ ಅಪ್ಪ?"

"ಗೊತ್ತಿತ್ತು. ಯಾರ ಮನೆ ಅಂತ ಗೊತ್ತಿರಲಿಲ್ಲ."

"ಯಾರದೋ ಆಗಿದ್ರೆ ಪರವಾಗಿರಲಿಲ್ಲ, ಅಲ್ವಾ?"

ಅವನು ಅವಳನ್ನು ಇಳಿಸಲು ಕೈ ಚಾಚಿದ. ಅವಳು ಕೈ ಹಿಡಿಯದೆ ತಾನೇ ಇಳಿದಳು.

ಆಗ ಹಿಂದಿನ ಕೋಣೆಯಿಂದ ಮೊಮ್ಮಗಳ ದನಿ ಬಂತು. "ಅಜ್ಜ, ಬಾಗಿಲು ಬರ್ತಿಲ್ಲ."

ಕಣ್ಣಾಮುಚ್ಚಾಲೆಗೆಂದು ಬಾಗಿಲು ಹಾಕಿಕೊಂಡಿದ್ದಳು. "ನಿನ್ನೆ ಸರಿಯಾಗೇ ಇತ್ತು" ಅಂತ ಮಗಳು ಓಡಿಬಂದು ಹಿಡಿ ಜಗ್ಗಿದಳು. ಬಡಗಿ ಭುಜ ಕೊಟ್ಟು ನೂಕಿದ. ಬಾಗಿಲು ಮಿಸುಕಲಿಲ್ಲ. ಮೇಲಿನ ಮೂಲೆಯಿಂದ ಒಂದು ಚಿಟಿಕೆ ಹೊಸ ಸುಣ್ಣ ಅವನ ತೋಳಿನ ಮೇಲೆ ಉದುರಿತು. ಗೋಡೆಯೊಳಗೆ ಎಲ್ಲೋ ಕಡ್ಡಿ ಮುರಿದಂಥ ಸದ್ದಾಯಿತು. ಕೋಣೆಯೊಳಗೆ ಮಗು ಅಳಲು ಶುರುಮಾಡಿತು.

"ಚೀಲದಿಂದ ತೋಪಡ ಕೊಡ್ಲಾ?"

"ಬೇಡ, ದೊಡ್ಡ ಸುತ್ತಿಗೆ ಕೊಡು. ಪುಟ್ಟಿ, ಕಿಟಕಿ ಹತ್ತಿರ ಹೋಗಿ ನಿಂತ್ಕೋ."

ಬಾಗಿಲು ಒಡೆಯುವುದು ಅವನ ಬಾಳಿನಲ್ಲಿ ಅದೇ ಮೊದಲು. ಹಲಗೆ ಸೀಳಿ, ಮಗುವನ್ನು ಎಳೆದುಕೊಂಡು, ಮೂವರೂ ಬೀದಿಗೆ ಬಂದು ನಿಂತರು. ಮಗಳು ಮಗುವನ್ನು ಅವನ ತೋಳಿನಿಂದ ಕಿತ್ತುಕೊಂಡು ನಾಲ್ಕು ಹೆಜ್ಜೆ ದೂರ ಸರಿದಳು.

ಸದ್ದು ಕೇಳಿ ಪಕ್ಕದ ಮನೆಯಾಕೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಏನಾಯ್ತು, ಯಾರಿಗಾದ್ರೂ ಪೆಟ್ಟಾಯ್ತಾ?" ಅಂದಳು. ಒಳಗಿನಿಂದ ಹಸುಗೂಸಿನ ದನಿ ಕೇಳುತ್ತಿತ್ತು. ಕೂಸಿಗೆ ಗಾಳಿ ತಾಗಬಾರದೆಂದು ಆಕೆ ಬಾಗಿಲನ್ನು ಹಿಂಗೈಯಿಂದ ಮೆಲ್ಲಗೆ ತಳ್ಳಿದಳು. ಅದು ಬೆಣ್ಣೆಯ ಹಾಗೆ ಮುಚ್ಚಿಕೊಂಡಿತು.

"ಹೇಳು ಅಪ್ಪ" ಅಂದಳು ಮಗಳು.