ಬೂಟಿನ ಪರೀಕ್ಷೆ

ಅಪ್ಪ ಗಿರಾಕಿಗೆ ಬೆನ್ನು ತಿರುಗಿಸಿ, ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಂತ.

ಕೆಳಗೆ ಏನೋ ಬಿದ್ದಿರಬೇಕು, ಹುಡುಕುತ್ತಿದ್ದಾನೆ ಎಂದುಕೊಂಡ ಅವಿನಾಶ. ಹೊಸ ಬೂಟು ಹಾಕಿಕೊಂಡು ನಿಂತಿದ್ದ ಗಿರಾಕಿ ತ್ರ್ಯಂಬಕ ಹಿಂದೆ ಸರಿದ. ವಿಡಿಯೋ ಮಾಡಲು ಶಿವಮೊಗ್ಗದಿಂದ ಬಂದಿದ್ದ ಚೇತನಾಳ ಕ್ಯಾಮೆರಾ ಓಡುತ್ತಲೇ ಇತ್ತು.

“ಒದೀರಿ ಅಯ್ಯಾ,” ಎಂದ ಅಪ್ಪ.

ಕೊಪ್ಪದ ಪೇಟೆಯಲ್ಲಿ ಮೂರು ತಲೆಮಾರಿನಿಂದ ಬೂಟು ಹೊಲಿಯುತ್ತಿದ್ದ ಕಂಪನಿ ಅದು. ಎಂ.ಬಿ.ಎ. ಮುಗಿಸಿ ಬಂದ ಅವಿನಾಶ ಮೊದಲು ಮಾಡಿದ ಕೆಲಸವೆಂದರೆ ಅದಕ್ಕೊಂದು ಪರಂಪರೆ ಇದೆಯೆಂದು ಸಾರಿದ್ದು. ಪರೀಕ್ಷೆಯಾಗದೆ ನಮ್ಮ ಬೂಟು ಅಂಗಡಿ ದಾಟಿದ್ದಿಲ್ಲ ಎಂದು ಅಪ್ಪ ಆಗಾಗ ಹೇಳುತ್ತಿದ್ದ. ಆ ಮಾತನ್ನೇ ಬೋರ್ಡಿಗೆ, ಡಬ್ಬಕ್ಕೆ, ವೆಬ್‌ಸೈಟಿಗೆ ಹಾಕಿಸಿದ. ಎಂಥ ಪರೀಕ್ಷೆ ಎಂದು ಕೇಳಿರಲಿಲ್ಲ. ಕೇಳಬೇಕೆಂದು ಅನಿಸಿರಲೂ ಇಲ್ಲ.

ತ್ರ್ಯಂಬಕನಿಗೆ ಗೊತ್ತಿತ್ತು. ಹಿರೇಕೊಡಿಗೆಯ ಅವನ ಮನೆಯಲ್ಲಿ ಅದು ಊಟದ ಹೊತ್ತಿನ ನಗೆಯ ಕಥೆ: ಹೊಸ ಬೂಟು ತಂದುಕೊಟ್ಟವನ ಬೆನ್ನಿಗೇ ಒದ್ದು ಅಜ್ಜ ಅದರ ಗಟ್ಟಿತನ ನೋಡುತ್ತಿದ್ದರಂತೆ. ಈಗ ಅವನು ಹಾವೂ ಸಾಯದ, ಕೋಲೂ ಮುರಿಯದ ದನಿಯಲ್ಲಿ, ಕಾಲ ಬದಲಾಗಿದೆ, ಬೂಟು ಚೆನ್ನಾಗಿಯೇ ಇದೆ ಎಂದು ತೊದಲಿದ.

ಅವಿನಾಶ ಅಪ್ಪನ ತೋಳು ಹಿಡಿದೆಳೆದ. ಅಪ್ಪ ಕೊಸರಿಕೊಂಡ. ತನ್ನಪ್ಪನ ಪಕ್ಕೆಲುಬು ಮುರಿದದ್ದು ಇವರಜ್ಜನ ಕಾಲು, ಆ ಬೂಟು ಹೊಲಿದದ್ದು ತಾನು, ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ ಎಂದ. ದನಿಯಲ್ಲಿ ಹೆಮ್ಮೆಯಿತ್ತು. ಅವಿನಾಶ ಮತ್ತೆ ತೋಳಿಗೆ ಕೈಹಾಕಿದ.

“ನೀ ಹೊಲಿದ ಮೊದಲ ಜೋಡಿ ಮಾರಾಯ ಇದು. ನಂಗೆ ನೋವಾಗ್ತದೆ ಅಂತಲ್ಲ, ಅಟ್ಟೆ ಬಾಯಿ ಬಿಡ್ತದೆ ಅಂತ ನಿನ್ನ ಹೆದರಿಕೆ.”

ನಿಜ. ಬೆರಳೆಲ್ಲ ಚುಚ್ಚಿಕೊಂಡು ಹೊಲಿದ ಆ ಜೋಡಿಯ ಬಗ್ಗೆ ಅಪ್ಪ ಇವತ್ತಿನವರೆಗೆ ಒಂದು ಮಾತೂ ಆಡಿರಲಿಲ್ಲ. ಆ ಒಂದು ಮಾತಿಗಾಗಿಯೇ ಅವಿನಾಶ ಕಾದಿದ್ದ. ಒದೀರಿ ಎಂದಾಗ ಅವನ ಕಣ್ಣು ಹೋದದ್ದೂ ಬೂಟಿನಡಿಯ ಅಟ್ಟೆಯ ಕಡೆಗೇ. ಬೆನ್ನು ತಿರುಗಿಸಿಯೂ ಅಪ್ಪ ಅದನ್ನು ಕಂಡಿದ್ದ. ಹಾಗೆ ಕಂಡುಬಿಟ್ಟದ್ದನ್ನು ಕ್ಷಮಿಸುವುದು ಅವಿನಾಶನಿಗೆ ಆಗಲಿಲ್ಲ.

ತ್ರ್ಯಂಬಕ ಬೂಟು ಕಳಚಿಟ್ಟು, ಸಾಕ್ಸಿನಲ್ಲೇ ಕಾರಿನ ಕಡೆ ನಡೆದ. ತೆಗೆದಿಡಲೆಂದು ಬಗ್ಗಿದ ಅವಿನಾಶ ಬೂಟನ್ನು ತನ್ನ ಕಾಲಿಗೇ ಏರಿಸಿದ. ಬಿಗಿಯಾಗಿತ್ತು. ನಿಧಾನವಾಗಿ ಲೇಸು ಕಟ್ಟಿದ.

“ಅಜ್ಜ, ಸ್ವಲ್ಪ ಬೆಳಕಿನ ಕಡೆ ತಿರುಗ್ತೀರಾ?” ಎಂದಳು ಚೇತನಾ. ಇನ್ನೂ ಬಗ್ಗಿಯೇ ಇದ್ದ ಅಪ್ಪ ತಿರುಗಿದ.

ಅವಿನಾಶ ಒದ್ದ. ಅಪ್ಪ ಹೊಲಿಗೆ ಮೆಷೀನಿನ ಕಬ್ಬಿಣಕ್ಕೆ ಮುಖ ಬಡಿದು ಬಿದ್ದ. ಪರೀಕ್ಷೆ ಅಲ್ಲಿಗೆ ಮುಗಿದಿತ್ತು. ಅವಿನಾಶ ಮತ್ತೆ ಒದ್ದ, ಪಕ್ಕೆಗೆ. ಒಳಗೇನೋ ಲಟಕ್ಕೆಂದಿತು. ಮತ್ತೂ ಒದ್ದ. ಹಿತವಾಗುತ್ತಿತ್ತು. ಹಿತವಾಗುತ್ತಿದೆಯಲ್ಲ ಎಂದು ಭಯವೂ ಆಯಿತು. ಚೇತನಾ ಕಿರುಚಿಕೊಂಡು ಹೊರಗೋಡಿದಳು.

ಇನ್ನೊಮ್ಮೆ ಎತ್ತಿದ ಕಾಲನ್ನು ಅಪ್ಪ ಎರಡೂ ಕೈಯಲ್ಲಿ ಹಿಡಿದುಕೊಂಡ. ಬಾಯಿಂದ ರಕ್ತ ಸುರಿಯುತ್ತಿತ್ತು. ಬೇಡ ಎನ್ನುತ್ತಾನೆ ಎಂದುಕೊಂಡ ಅವಿನಾಶ. ಬೇಡವೆಂದಿದ್ದರೆ ಅತ್ತುಬಿಡುತ್ತಿದ್ದ. ಅಪ್ಪ ಬೂಟನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡು, ಹೆಬ್ಬೆರಳ ಉಗುರಿನಿಂದ ಅಟ್ಟೆಯ ಅಂಚಿನ ಹೊಲಿಗೆಗಳನ್ನು ಒಂದೊಂದಾಗಿ ಕೆದಕಿ ನೋಡತೊಡಗಿದ.

ಅವಿನಾಶ ಒಂಟಿಕಾಲಲ್ಲಿ, ಆ ಒಂದು ಮಾತಿಗಾಗಿ ಕಾದು ನಿಂತ.